ಹರಕು ಮರಾಠಿಯಲ್ಲಿ ಹೇಳಿದ ನಿಜ

ಚಿಕಲಠಾಣಾ ಎಂಐಡಿಸಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಎರಡನೇ ಪಾಳಿ ಮುಗಿಸಿ ರೂಮಿಗೆ ಬಂದು ಒಂದು ಕ್ವಾರ್ಟರ್ ಕುಡಿಯುವುದು ರೂಢಿಯಾಯಿತು. ಫೋನಿನಲ್ಲಿ ಅವ್ವ "ದನಿ ಯಾಕ ಹಿಂಗೈತಿ?" ಅಂದರೆ "ನೆಗಡಿ ಬೇ" ಅನ್ನುತ್ತಿದ್ದೆ. ಮೇ ತಿಂಗಳ ಬಿಸಿಲಲ್ಲೂ ಅದೇ ನೆಗಡಿ.

ಕೈ ನಡುಗತೊಡಗಿದಾಗ ಡಾಕ್ಟರ ಹತ್ತಿರ ಹೋದೆ. "ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ" ಎಂದು ಔಷಧಿ ಕೊಟ್ಟರು. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗೂ ಹೋಗು ಅಂದರು. ಅಲ್ಲಿ ಶುಲ್ಕವಿಲ್ಲ, ಅಡ್ಡಹೆಸರು ಕೇಳುವುದಿಲ್ಲ. ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು.

ನನ್ನ ಸರದಿ ಬಂತು. ಕನ್ನಡದಲ್ಲಾಗಿದ್ದರೆ ಪಾಳಿ, ಒಂಟಿತನ, ಊರಿನ ನೆನಪು ಎಂದು ಹತ್ತು ನೆಪ ಹೇಳುತ್ತಿದ್ದೆ. ನನ್ನ ಹರಕು ಮರಾಠಿಯಲ್ಲಿ ನೆಪಕ್ಕೆ ಮಾತೇ ಸಿಗಲಿಲ್ಲ. "ಮೀ ರೋಜ್ ಪಿತೋ. ಥಾಂಬತಾ ಯೇತ್ ನಾಹೀ." ದಿನಾ ಕುಡಿಯುತ್ತೇನೆ, ನಿಲ್ಲಿಸಲು ಆಗುತ್ತಿಲ್ಲ. ಯಾರೂ ಬುದ್ಧಿ ಹೇಳಲಿಲ್ಲ. ಪಕ್ಕದ ಅಜ್ಜ ಚಹಾದ ಕಪ್ಪು ನನ್ನತ್ತ ಸರಿಸಿ, "ಉದ್ಯಾ ಪಣ ಯೇ" ಎಂದರು. ನಾಳೆಯೂ ಬಾ.

ಈ ಕೂಟ ಹುಟ್ಟಿದ್ದೂ ಪರಊರಿನಲ್ಲೇ ಎಂದು ಆಮೇಲೆ ತಿಳಿಯಿತು. 1935ರಲ್ಲಿ ನ್ಯೂಯಾರ್ಕಿನ ಬಿಲ್ ವ್ಯವಹಾರಕ್ಕೆಂದು ಅಮೆರಿಕದ ಆಕ್ರನ್ ಊರಿಗೆ ಹೋಗಿದ್ದ. ಕೆಲಸ ಕೆಟ್ಟಿತ್ತು, ತಂಗಿದ್ದ ಹೋಟೆಲಿನಲ್ಲೇ ಬಾರ್ ಇತ್ತು. ಅತ್ತ ಹೋಗದೆ ಅವನು ಫೋನ್ ಹಿಡಿದು, ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿದ. ಸಿಕ್ಕವರು ಡಾಕ್ಟರ್ ಬಾಬ್.

ಅವ್ವನಿಗೆ ಕನ್ನಡದಲ್ಲಿ ಹೇಳಲು ನನಗೆ ಇನ್ನೂ ಮೂರು ವಾರ ಬೇಕಾಯಿತು. ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನೆಗಡಿ ಅಲ್ಲಂತ ಗೊತ್ತಿತ್ತಪ್ಪ. ನಾಳೇನೂ ಹೋಗ್ತಿ ಹೌದಿಲ್ಲೋ?"