ಸೂಲಂಗಿ ಬಂದ ಮೇಲೆ

ನಾನು ಹುಟ್ಟಿದ್ದಕ್ಕೆ ದಾಖಲೆ ಇಲ್ಲ ಎಂದು ಸರ್ಕಾರವೇ ಬರೆದುಕೊಟ್ಟ ಪತ್ರವೊಂದು ನನ್ನ ಹತ್ತಿರ ಇದೆ. 1979ರಲ್ಲಿ ಕೆರಗೋಡಿನ ನಮ್ಮ ಮನೆಯ ನಡುಮನೆಯಲ್ಲಿ, ಸೂಲಗಿತ್ತಿಯ ಕೈಗೆ ಹುಟ್ಟಿದವನು ನಾನು. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿತ್ತು. ಆದರೆ ಮನೆಯಲ್ಲಿ ಕೂಸು ಹುಟ್ಟಿದರೆ ಹೋಗಿ ಬರೆಸಬೇಕು ಅನ್ನುವುದು ನಮ್ಮ ಕೇರಿಯಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಅದೇ ತಾರೀಖು ಹೋಯಿತು. ಹೆಸರಿನ ಮುಂದಿದ್ದ ಕೆ ಎಂಬ ಇನಿಷಿಯಲ್ಲು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು ‘ಕೆರಗೋಡು’ ಆಗಿ, ಅಮೆರಿಕದಲ್ಲಿ ಅದೇ ನನ್ನ ಮನೆತನದ ಹೆಸರಾಯಿತು. ಆಸ್ಪತ್ರೆ, ಬ್ಯಾಂಕು, ಮಗಳ ಶಾಲೆ, ಎಲ್ಲಿ ಹೋದರೂ ‘ಮಿಸ್ಟರ್ ಕೆರಗೋಡು’ ಎಂದೇ ಕೂಗುತ್ತಾರೆ. ಹದಿನಾಲ್ಕು ವರ್ಷ ಊರಿನ ಹೆಸರಿಗೆ ಎದ್ದು ನಿಂತಿದ್ದೇನೆ.

ನಾನು ಮಂಡ್ಯದ ಪಿಇಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು. ಬೆಂಗಳೂರಿನಲ್ಲಿ ಏಳು ವರ್ಷ ಕೆಲಸ ಮಾಡಿ, 2008ರ ಅಕ್ಟೋಬರಿನಲ್ಲಿ ಎಚ್-1ಬಿ ವೀಸಾದ ಮೇಲೆ ನ್ಯೂಜೆರ್ಸಿಗೆ ಹೋದೆ. ಹೆಂಡತಿ ಮದ್ದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಒಂದು ವರ್ಷದ ನಂತರ ಕೆಲಸ ಬಿಟ್ಟು, ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಅವಳ ವೀಸಾದಲ್ಲಿ ದುಡಿಯುವಂತಿರಲಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿರುವವರ ಹೆಂಡತಿ ಅಥವಾ ಗಂಡ ದುಡಿಯಬಹುದು ಎಂಬ ನಿಯಮ ಬಂದದ್ದು 2015ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಅವಳು ಆರು ವರ್ಷ ಪಾಠ ಮಾಡಿರಲಿಲ್ಲ. ಆ ಆರು ವರ್ಷದ ಬಗ್ಗೆ ಅವಳು ದೂರಿದ್ದಿಲ್ಲ. ನನಗೆ ಮಾತ್ರ ನನ್ನ ಯಾವ ನಷ್ಟಕ್ಕಿಂತಲೂ ಅದೇ ದೊಡ್ಡದಾಗಿ ಕಾಣುತ್ತದೆ.

ಎಚ್-1ಬಿಗೆ ಆರು ವರ್ಷದ ಗಡುವು. ಅದರೊಳಗೆ ಕಂಪನಿ ಗ್ರೀನ್ ಕಾರ್ಡಿನ ಕೆಲಸ ಶುರು ಮಾಡಿ ಒಂದು ಹಂತ ದಾಟಿಸಿದರೆ ವೀಸಾ ಮುಂದುವರಿಯುತ್ತದೆ, ಇಲ್ಲವಾದರೆ ಗಂಟು ಮೂಟೆ ಕಟ್ಟಬೇಕು. ಮೊದಲ ಕಂಪನಿ ನಾಲ್ಕು ವರ್ಷ ‘ಮುಂದಿನ ವರ್ಷ ನೋಡೋಣ’ ಎಂದೇ ತಳ್ಳಿತು. ಕಂಪನಿ ಬದಲಿಸಿದೆ. ಎರಡನೆಯ ಕಂಪನಿ 2013ರಲ್ಲಿ ಪರ್ಮ್ ಶುರು ಮಾಡಿತು. ಪರ್ಮ್ ಅಂದರೆ, ಈ ಕೆಲಸಕ್ಕೆ ಅರ್ಹ ಅಮೆರಿಕನ್ನರು ಯಾರೂ ಸಿಗಲಿಲ್ಲ ಎಂದು ಕಂಪನಿ ತೋರಿಸಿಕೊಡಬೇಕು. ಎರಡು ಭಾನುವಾರ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಕಚೇರಿಯ ಗೋಡೆಯ ಮೇಲೆ ಹತ್ತು ಕೆಲಸದ ದಿನ ನೋಟೀಸು ಅಂಟಿಸಬೇಕು. ನಾನು ದಿನಾ ಕಾಫಿ ಹಿಡಿದುಕೊಳ್ಳುವ ಜಾಗದಲ್ಲೇ ಅದನ್ನು ಅಂಟಿಸಿದ್ದರು. ನನ್ನ ಹುದ್ದೆ, ನಾನು ಮಾಡುವ ಕೆಲಸ, ನನ್ನ ಸಂಬಳ, ಎಲ್ಲಾ ಅದರಲ್ಲಿತ್ತು. ಜೊತೆಗೆ ಕೆಲಸ ಮಾಡುವವರು ನಿಂತು ಓದಿ ಹೋಗುತ್ತಿದ್ದರು. ನಾನು ಆ ಹತ್ತು ದಿನ ಕಾಫಿಗೆ ಹೋಗಲಿಲ್ಲ.

ಫೋನಿನಲ್ಲಿ ಹೇಳಿದಾಗ ಅಪ್ಪನಿಗೆ ಗಾಬರಿಯಾಯಿತು. “ಅದೇನ್ಲಾ, ನಿನ್ನ ಕೆಲ್ಸಕ್ಕೆ ಬ್ಯಾರೆಯವರ್ನ ಕರೀತಾವ್ರೆ ಅಂತೀಯ?”

ಆ ಪರ್ಮ್ ಅರ್ಜಿ ಕಾರ್ಮಿಕ ಇಲಾಖೆಗೆ ತಲುಪಿದ್ದು 2013ರ ನವೆಂಬರಿನಲ್ಲಿ. ಆ ತಾರೀಖು ನನ್ನ ‘ಪ್ರಯಾರಿಟಿ ಡೇಟ್’, ಅಂದರೆ ಸರದಿಯಲ್ಲಿ ನನ್ನ ಜಾಗ ಆಯಿತು. 2014ರ ಅಕ್ಟೋಬರಿಗೆ ಗಡುವು ಮುಗಿಯುವ ಮೂರು ತಿಂಗಳ ಮುಂಚೆ ಐ-140 ಎಂಬ ಮುಂದಿನ ಹಂತದ ಅರ್ಜಿ ಒಪ್ಪಿಗೆಯಾಗಿ ಉಳಿದುಕೊಂಡೆವು. ಇನ್ನು ಸರದಿಗೆ ಕಾಯುವುದೊಂದೇ ಎಂದು ವಕೀಲರು ಹೇಳಿದರು. ಎಷ್ಟು ದಿನ ಎಂದು ಕೇಳಿದರೆ ಉತ್ತರ ಕೊಡಲಿಲ್ಲ.

ಈ ಸರದಿಯನ್ನು ಅಪ್ಪನಿಗೆ ವಿವರಿಸಲು ನಾನು ಎಷ್ಟೋ ಸಲ ಹೆಣಗಿದ್ದೇನೆ. 1990ರ ವಲಸೆ ಕಾಯ್ದೆಯಂತೆ ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ 1,40,000 ಗ್ರೀನ್ ಕಾರ್ಡು. ಹೆಂಡತಿ ಮಕ್ಕಳೂ ಆ ಲೆಕ್ಕದೊಳಗೇ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಶೇ. 7ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಇದನ್ನು ಮತ್ತೆ ವರ್ಗಗಳಾಗಿ ಹಂಚಿದ್ದಾರೆ; ನಮ್ಮದು ಎರಡನೇ ವರ್ಗ, ಅದರಲ್ಲಿ ಭಾರತದ ಪಾಲು ಸುಮಾರು 2,800. ಬೇರೆಯವರು ಬಿಟ್ಟದ್ದು ಮಿಕ್ಕಿದರೆ ಅದೂ ಬರುತ್ತದೆ. ಪ್ರತಿ ತಿಂಗಳು ‘ವೀಸಾ ಬುಲೆಟಿನ್’ ಎಂಬ ಪಟ್ಟಿ ಬರುತ್ತದೆ. ಅದರಲ್ಲಿರುವ ತಾರೀಖಿಗಿಂತ ನಿಮ್ಮ ತಾರೀಖು ಹಿಂದಿನದಾಗಿದ್ದರೆ ನಿಮ್ಮ ಸರದಿ. ಆ ತಾರೀಖು ಮುಂದಕ್ಕೂ ಹೋಗುತ್ತದೆ, ಹಿಂದಕ್ಕೂ ಬರುತ್ತದೆ.

ಕೇಳಿಸಿಕೊಂಡು ಅಪ್ಪ ಹೇಳಿದ: “ನಮ್ ಕಬ್ಬಿನ ಥರಾನೇ ಅನ್ನು. ಒಪ್ಪಿಗೆ ಮಾಡ್ಸಿದ ತಾರೀಕಿನ ಮ್ಯಾಲೆ ಕಟಾವು.”

ಅಷ್ಟು ಸರಿಯಾಗಿ ಯಾವ ವಕೀಲರೂ ಹೇಳಿರಲಿಲ್ಲ. ನಮ್ಮ ಕಡೆ ಕಬ್ಬು ನಾಟಿ ಮಾಡಿ ಸಕ್ಕರೆ ಕಾರ್ಖಾನೆಯಲ್ಲಿ ಒಪ್ಪಿಗೆ ಬರೆಸುತ್ತಾರೆ. ಸರದಿ ಬಂದಾಗ ಕಟಾವಿಗೆ ಪರ್ಮಿಟ್ ಬರಬೇಕು. ಪರ್ಮಿಟ್ ತಡವಾದರೆ ಗದ್ದೆಯಲ್ಲೇ ನಿಂತ ಕಬ್ಬು ಹೂಬಿಟ್ಟು ಸೂಲಂಗಿ ಹಾಕುತ್ತದೆ, ಬೆಂಡಾಗುತ್ತದೆ, ತೂಕ ಇಳಿಯುತ್ತದೆ. “ಸೂಲಂಗಿ ಒಡೆದ ಮ್ಯಾಲೆ ಪರ್ಮಿಟ್ ಕೊಟ್ರೆ ತೂಕ ಎಲ್ ಬತ್ತದೆ ಮಗ?” ಎಂದ. ಆಮೇಲಿನ ವರ್ಷಗಳಲ್ಲಿ ವಾರದ ಫೋನಿನಲ್ಲಿ ಅವನು ಕೇಳುತ್ತಿದ್ದುದು “ಪರ್ಮಿಟ್ ಬಂತೇನ್ಲಾ” ಎಂದೇ.

ಸರದಿ ನಿಲ್ಲುವುದು ಪೌರತ್ವದ ಮೇಲಲ್ಲ, ಹುಟ್ಟಿದ ದೇಶದ ಮೇಲೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಮಂಗಳೂರಿನ ಗೆಳೆಯನ ಅಪ್ಪ ಕುವೈತಿನಲ್ಲಿ ದುಡಿಯುತ್ತಿದ್ದವರು. ಅವನು ಹುಟ್ಟಿದ್ದು ಅಲ್ಲಿ. ಭಾರತದ ಪಾಸ್‌ಪೋರ್ಟು, ನನ್ನದೇ ಕೆಲಸ, ನನಗಿಂತ ಎರಡು ವರ್ಷ ತಡವಾಗಿ ಅರ್ಜಿ. ಅವನದು ಕುವೈತಿನ ಲೆಕ್ಕ, ಆಗ ಅದಕ್ಕೆ ಕಾಯುವ ಸಾಲೇ ಇರಲಿಲ್ಲ. ಒಂದೂವರೆ ವರ್ಷದಲ್ಲಿ ಕಾರ್ಡು ಬಂತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮನುಷ್ಯನನ್ನು ಅವನು ಮಾಡಿದ್ದರಿಂದ ಅಳೆಯದೆ, ಎಲ್ಲಿ ಹುಟ್ಟಿದ ಎನ್ನುವುದರಿಂದ ಸಾಲು ನಿಲ್ಲಿಸುವುದು ಅನ್ಯಾಯ ಎಂದು ಅವತ್ತೂ ಅನ್ನಿಸಿತು, ಇವತ್ತೂ ಅನ್ನಿಸುತ್ತದೆ. ಹುಟ್ಟಿನ ಮೇಲೆ ಜನರನ್ನು ಸಾಲಾಗಿ ಕೂರಿಸಿದ್ದನ್ನು ಊರಿನಲ್ಲಿ ನೋಡಿ ಬೆಳೆದವರು ನಾವು. 2019ರ ಜುಲೈ 10ರಂದು ಈ ಶೇ. 7ರ ಮಿತಿ ತೆಗೆಯುವ ಮಸೂದೆ ಅಮೆರಿಕದ ಕೆಳಮನೆಯಲ್ಲಿ 365ಕ್ಕೆ 65 ಮತಗಳಿಂದ ಗೆದ್ದಾಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೋಳಿಗೆ ಮಾಡಿ ಹಂಚಿದೆವು. ಅದು ಕಾಯ್ದೆಯಾಗಲಿಲ್ಲ.

ನನಗಿಂತ ಹೆಚ್ಚು ಸಂಕಟಪಟ್ಟವರಿದ್ದಾರೆ. ಮಕ್ಕಳಿಗೆ 21 ತುಂಬಿದರೆ ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳುತ್ತಾರೆ. ನಮ್ಮ ಕನ್ನಡ ಶಾಲೆಗೆ ಬರುತ್ತಿದ್ದ ಒಂದು ಹುಡುಗಿ ಮೂರನೇ ವಯಸ್ಸಿನಿಂದ ಅಮೆರಿಕದಲ್ಲೇ ಬೆಳೆದವಳು. 21 ಆದ ಮೇಲೆ ವಿದ್ಯಾರ್ಥಿ ವೀಸಾ ತೆಗೆದುಕೊಂಡು, ಪರದೇಶದವಳ ಹಾಗೆ ದುಬಾರಿ ಫೀಸು ಕಟ್ಟಿ ಓದಬೇಕಾಯಿತು. ನನ್ನ ಮಗಳು ಮಂಡ್ಯದಲ್ಲಿ ಹುಟ್ಟಿದವಳು. ಅವಳ ಪ್ರತಿ ಹುಟ್ಟುಹಬ್ಬಕ್ಕೂ ನಾವಿಬ್ಬರು ಒಳಗೇ ವರ್ಷ ಎಣಿಸುತ್ತಿದ್ದೆವು.

2020ರ ಅಕ್ಟೋಬರ್ ಬುಲೆಟಿನ್ ಬಂದಾಗ ನಂಬಲಿಕ್ಕಾಗಲಿಲ್ಲ. ಮೂರನೇ ವರ್ಗದಲ್ಲಿ 2015ರ ಜನವರಿ 1ಕ್ಕಿಂತ ಹಿಂದಿನ ತಾರೀಖಿನವರು ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿ ಹಾಕಬಹುದು ಎಂದಿತ್ತು. ಕಂಪನಿಯಿಂದ ಮೂರನೇ ವರ್ಗಕ್ಕೆ ಇನ್ನೊಂದು ಐ-140 ಹಾಕಿಸಿ, ತಿಂಗಳೊಳಗೆ ಎಲ್ಲ ಕಾಗದ ಒಟ್ಟು ಮಾಡಬೇಕು. ಆಗ ಕೇಳಿದ್ದು ಜನನ ಪ್ರಮಾಣಪತ್ರ.

ಕೊರೊನಾ ಕಾಲ. ಅಪ್ಪನಿಗೆ ಎಪ್ಪತ್ತು ದಾಟಿತ್ತು. ಬೇಡ, ಬೇರೆ ಯಾರನ್ನಾದರೂ ಕಳಿಸು ಅಂದರೆ ಕೇಳಲಿಲ್ಲ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಅಂಕಪಟ್ಟಿಯ ಜೆರಾಕ್ಸ್ ಇಟ್ಟುಕೊಂಡು, ಬಾಯಿಗೆ ಟವೆಲ್ ಸುತ್ತಿಕೊಂಡು ಕಚೇರಿಯಿಂದ ಕಚೇರಿಗೆ ತಿರುಗಿದ. ಹಳೆಯ ರಿಜಿಸ್ಟರ್ ತೆಗೆಸಿ ನೋಡಿದರೆ 1979ರ ಪುಟಗಳಲ್ಲಿ ನಾನಿಲ್ಲ. ಇಲ್ಲ ಎಂದೇ ಬರೆದುಕೊಡಿ ಎಂದು ಆ ಅಲಭ್ಯತೆಯ ಪತ್ರ ಮಾಡಿಸಿದ. ಅದರ ಜೊತೆಗೆ ನಾನು ಹುಟ್ಟಿದ್ದನ್ನು ಬಲ್ಲ ಇಬ್ಬರು ಹಿರಿಯರ ಅಫಿಡವಿಟ್ ಬೇಕು. ಒಬ್ಬರು ಸೋದರಮಾವ. ಇನ್ನೊಬ್ಬರು ದೊಡ್ಡವ್ವ, ನನ್ನ ಹೊಕ್ಕಳುಬಳ್ಳಿ ಕತ್ತರಿಸುವಾಗ ದೀಪ ಹಿಡಿದಿದ್ದವಳು. ನೋಟರಿ ಮುಂದೆ ಅವಳಿಗೆ ಓದಿ ಹೇಳಿದಾಗ, “ತಾರೀಕು ನಂಗೊತ್ತಿಲ್ಲ ಕನಪ್ಪ, ಕೂಸು ಗೊತ್ತು. ಮಳೆ ಹುಯ್ತಿತ್ತು” ಅಂದಳಂತೆ. ಶಾಲೆಯ ದಾಖಲೆಯಂತೆ ಜನ್ಮದಿನಾಂಕ ಎಂದು ತಿದ್ದಿ ಬರೆಸಿ ಹೆಬ್ಬೆಟ್ಟು ಒತ್ತಿಸಿದರು. ಆ ನೀಲಿ ಹೆಬ್ಬೆಟ್ಟು ಕೊರಿಯರ್‌ನಲ್ಲಿ ನ್ಯೂಜೆರ್ಸಿಗೆ ಬಂದಾಗ ನಾನು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ಅರ್ಜಿ ಹೋಯಿತು. ಕೆಲಸದ ಪರವಾನಗಿ, ಹೊರಗೆ ಹೋಗಿ ಬರುವ ಪರವಾನಗಿ ಎರಡೂ ಕೆಲವು ತಿಂಗಳಲ್ಲಿ ಬರಬೇಕು. ಬರಲಿಲ್ಲ.

2021ರ ಮೇ ಮೊದಲ ವಾರ ಅಪ್ಪನಿಗೆ ಜ್ವರ ಬಂತು. ಕರ್ನಾಟಕದಲ್ಲಿ ಎರಡನೇ ಅಲೆ ಏರಿದ್ದ ದಿನಗಳು. ಚಾಮರಾಜನಗರದಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತ ಸುದ್ದಿ ಆಗಷ್ಟೇ ಬಂದಿತ್ತು. ಮೇ 4ರಿಂದ ನನ್ನಂಥ ವೀಸಾದವರು ಭಾರತದಿಂದ ಅಮೆರಿಕಕ್ಕೆ ಬರುವುದನ್ನು ಅಲ್ಲಿನ ಅಧ್ಯಕ್ಷರ ಆದೇಶ ತಡೆದಿತ್ತು. ನನ್ನ ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿತ್ತು. ಹೊಸ ಸ್ಟ್ಯಾಂಪಿಂಗ್‌ಗೆ ನಾವು ಚೆನ್ನೈನ ಅಮೆರಿಕ ದೂತಾವಾಸಕ್ಕೆ ಹೋಗಬೇಕಿತ್ತು, ಅಲ್ಲಿ ಸಂದರ್ಶನಗಳೇ ನಡೆಯುತ್ತಿರಲಿಲ್ಲ. ಹೊರಡುವುದನ್ನು ಯಾರೂ ತಡೆದಿರಲಿಲ್ಲ. ಹೊರಟರೆ ಹಿಂದಕ್ಕೆ ಬರುವುದು ಯಾವಾಗ ಎನ್ನುವುದು ಗೊತ್ತಿರಲಿಲ್ಲ. ಹೆಂಡತಿ, ಮಗಳು ನ್ಯೂಜೆರ್ಸಿಯಲ್ಲಿ. ಇಬ್ಬರೂ ಅಲ್ಲಿದ್ದದ್ದು ನನ್ನ ಕೆಲಸದ ಮೇಲೆ. ಎರಡು ರಾತ್ರಿ ಟಿಕೆಟ್ ಪುಟ ತೆರೆದಿಟ್ಟುಕೊಂಡು ಕೂತೆ.

ಮಂಡ್ಯದ ಆಸ್ಪತ್ರೆಯಿಂದ ತಮ್ಮ ವಿಡಿಯೋ ಕಾಲ್ ಮಾಡಿದ. ಅಪ್ಪ ಮಾಸ್ಕ್ ಸರಿಸಿ ಮಾತಾಡಿದ. “ಬರ್ಬ್ಯಾಡ ಕನ್ಲಾ. ಬಂದ್ರೆ ತಿರ್ಗಾ ಬುಡಾಕಿಲ್ಲ ಅಂತಿದ್ಯಲ್ಲ.” ನಾನು ಸರಿ ಅಂದೆ. ಅದನ್ನು ಬರೆಯಲೇಬೇಕು. ನಾನು ಸರಿ ಅಂದೆ.

ನಾಲ್ಕು ದಿನಕ್ಕೆ ಹೋಗಿಬಿಟ್ಟ. ನಮ್ಮ ಗದ್ದೆಯ ಬದಿಯಲ್ಲಿ, ಅಜ್ಜನ ಗುಡ್ಡೆಯ ಪಕ್ಕ ಮಣ್ಣು ಮಾಡಿದರು. ಹಿರಿ ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣು ತಮ್ಮ ಹಾಕಿದ. ಚಿಕ್ಕಪ್ಪನ ಮಗ ಮೊಬೈಲ್ ಹಿಡಿದುಕೊಂಡಿದ್ದ. ಗಾಳಿಗೆ ಏನೂ ಕೇಳುತ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿ ರಾತ್ರಿ ಎರಡು ಗಂಟೆ. ಹನ್ನೊಂದನೇ ದಿನದ ತಿಥಿಯೂ ಹಾಗೆಯೇ ಫೋನಿನಲ್ಲಿ ಆಯಿತು.

ಹೋಗಿ ಬರುವ ಪರವಾನಗಿ ಆಗಸ್ಟಿನಲ್ಲಿ ಬಂತು. ಮೂರು ತಿಂಗಳು ತಡ.

ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳು ನನ್ನ ತಾರೀಖು ಸರದಿಯೊಳಗಿತ್ತು. ವೈದ್ಯಕೀಯ ವರದಿ ಕೇಳಿ ಪತ್ರ ಬಂತು. ರಕ್ತ ಪರೀಕ್ಷೆ, ಎಕ್ಸ್-ರೇ, ಚುಚ್ಚುಮದ್ದು ಮುಗಿಸಿ ಮೊಹರು ಹಾಕಿದ ಲಕೋಟೆ ಕಳಿಸುವಷ್ಟರಲ್ಲಿ ನವೆಂಬರ್ ಬಂದು ಬುಲೆಟಿನ್ನಿನ ಗೆರೆ 2012ರ ಜನವರಿಗೆ ಹಿಂದೆ ಸರಿದುಬಿಟ್ಟಿತು. ಆ ವರ್ಷದ ಲೆಕ್ಕದಲ್ಲಿ 66,000ಕ್ಕೂ ಹೆಚ್ಚು ಉದ್ಯೋಗದ ಗ್ರೀನ್ ಕಾರ್ಡು ಯಾರಿಗೂ ಸಿಗದೆ ಸೆಪ್ಟೆಂಬರ್ 30ಕ್ಕೆ ರದ್ದಾದವು. ಸಾಲು ಎದುರಿಗೇ ನಿಂತಿರುವಾಗ ಅಷ್ಟು ಕಾರ್ಡು ವ್ಯರ್ಥವಾದದ್ದನ್ನು ನಾನು ಕ್ಷಮಿಸಲಾರೆ.

ಡಿಸೆಂಬರಿನಲ್ಲಿ ಊರಿಗೆ ಹೋದೆ. ಅಪ್ಪನ ಗುಡ್ಡೆಯ ಮೇಲೆ ಹುಲ್ಲು ಬಂದಿತ್ತು. ಪಕ್ಕದ ಗದ್ದೆಯಲ್ಲಿ ಕಬ್ಬು ಸೂಲಂಗಿ ಹಾಕಿ ನಿಂತಿತ್ತು. ಅವನ ಪ್ಲಾಸ್ಟಿಕ್ ಕವರನ್ನು ಅವ್ವ ಪೆಟ್ಟಿಗೆಯಲ್ಲಿಟ್ಟಿದ್ದಳು. ಒಳಗೆ ನನ್ನ ಅಂಕಪಟ್ಟಿಯ ಜೆರಾಕ್ಸು, ಅಲಭ್ಯತೆಯ ಪತ್ರದ ಇನ್ನೊಂದು ಪ್ರತಿ, ಬಸ್ ಟಿಕೆಟ್ಟುಗಳು. ತಮ್ಮ ಅದರಲ್ಲೇ ಅಪ್ಪನ ಮರಣ ಪ್ರಮಾಣಪತ್ರವನ್ನೂ ಸೇರಿಸಿದ್ದ.

2022ರ ಬೇಸಿಗೆಯಲ್ಲಿ ಎರಡನೇ ವರ್ಗದ ಗೆರೆ 2014ರ ಡಿಸೆಂಬರ್ ತನಕ ಓಡಿ ಬಂತು. ಅರ್ಜಿಯನ್ನು ಮತ್ತೆ ಎರಡನೇ ವರ್ಗಕ್ಕೆ ಬದಲಿಸಿಕೊಂಡು, ಆಗಸ್ಟಿನಲ್ಲಿ ಮೂವರಿಗೂ ಕಾರ್ಡು ಬಂತು. ಡಿಸೆಂಬರಿನ ಹೊತ್ತಿಗೆ ಅದೇ ಗೆರೆ 2011ಕ್ಕೆ ಹಿಂದೆ ಹೋಗಿತ್ತು. ಯಾಕೆ ಹಾಗೆ ಓಡಿತು ಎಂದು ಆಮೇಲೆ ಅರ್ಥ ಮಾಡಿಕೊಂಡೆ. ಕೊರೊನಾದಲ್ಲಿ ದೂತಾವಾಸಗಳು ಮುಚ್ಚಿ, ಕುಟುಂಬದ ಲೆಕ್ಕದ ವೀಸಾಗಳು ಕೊಡಲಾಗದೆ ಮಿಕ್ಕು, ಕಾಯ್ದೆಯ ಪ್ರಕಾರ ಮರುವರ್ಷ ಉದ್ಯೋಗದ ಲೆಕ್ಕಕ್ಕೆ ಹರಿದು ಬಂದಿದ್ದವು. ಅಪ್ಪನ ಬಳಿ ಹೋಗದಂತೆ ನನ್ನ ಬಾಗಿಲು ಹಾಕಿದ ಆ ರೋಗವೇ ಈ ಕಾರ್ಡನ್ನು ಕೊಟ್ಟಿತು. ಅದಿಲ್ಲದಿದ್ದರೆ ಇನ್ನೂ ಎಷ್ಟೋ ವರ್ಷ ಕಾಯುತ್ತಿದ್ದೆ. ಕಾರ್ಡ್ ಕೈಗೆ ಬಂದ ದಿನ ಹೆಂಡತಿ ಪಾಯಸ ಮಾಡಲೇ ಎಂದು ಕೇಳಿದಳು. ಬೇಡ ಅಂದೆ. ಕಾರ್ಡಿನ ಮೇಲೆ ಮನೆತನದ ಹೆಸರು ಕೆರಗೋಡು, ಹುಟ್ಟಿದ ದೇಶ ಭಾರತ, ಹುಟ್ಟಿದ ತಾರೀಖು ಜೂನ್ 1 ಎಂದು ಅಚ್ಚಾಗಿತ್ತು.

ಅವ್ವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಇನ್ ಬರಾಕೆ ಯಾರ್ನೂ ಕೇಳಂಗಿಲ್ವಾ?”

“ಇಲ್ಲ ಕನವ್ವ.”

“ಹಂಗಾರೆ ಪಿತೃಪಕ್ಷಕ್ಕೆ ಬಾ. ಹೋದ್ ಕಿತ ನೀನಿರ್ನಿಲ್ಲ.”

ಸೆಪ್ಟೆಂಬರ್ 25, ಮಾಲಯ ಅಮಾಸೆಗೆ ಊರಿನಲ್ಲಿದ್ದೆ. ಅಪ್ಪನ ಫೋಟೋ ಮುಂದೆ ಬಾಳೆಲೆ ಹಾಸಿ ಮುದ್ದೆ, ಮರಿ ಮಾಂಸದ ಸಾರು, ಕಜ್ಜಾಯ, ಹೊಸ ಪಂಚೆ, ಒಂದು ಬೀಡಿ ಕಟ್ಟು ಇಟ್ಟೆವು. ದೊಡ್ಡವ್ವ ಗೋಡೆ ಹಿಡಿದುಕೊಂಡು ಬಂದು ಎಡೆ ನೋಡಿ, ನೀರಿನ ಚೊಂಬು ಮರೆತಿದ್ದೀಯ ಎಂದು ನೆನಪಿಸಿದಳು. ಇಟ್ಟು, ಊದುಗಡ್ಡಿ ಹಚ್ಚಿ, ಬಾಗಿಲು ಮುಂದೆ ಮಾಡಿ, ಅವನು ಬಂದು ಉಂಡು ಹೋಗಲೆಂದು ಎಲ್ಲರೂ ಜಗುಲಿಯ ಮೇಲೆ ಕೂತೆವು.