ರಾಯಕೋಟೆಯ ದಾರಿಯ ಛಾಯಾಗ್ರಾಹಕ

ಹೊಸೂರಿನಿಂದ ರಾಯಕೋಟೆಗೆ ಹೋಗುವ ಬಸ್ಸು ಸಾನಮಾವಿನ ಕಾಡನ್ನು ಹೊಕ್ಕೊಡನೆ, ರಾಗಿಯ ತೆನೆಯನ್ನರಸಿ ಬರುವ ಆನೆಗಳು ಎಲ್ಲಿ ಅಡ್ಡ ನಿಂತಿವೆಯೋ ಎಂದು ಎಲ್ಲರ ಕಣ್ಣೂ ಪೊದೆಗಳಲ್ಲಿ ನೆಡುತ್ತದೆ. ಛಾಯಾಗ್ರಹಣದ ಗೀಳು ಹತ್ತಿದ ನನ್ನ ಮನಸ್ಸಾದರೋ ಈ ಸೀಮೆಗೆ ಕ್ಯಾಮೆರಾವನ್ನು ಹೊತ್ತು ತಂದ ಯೋಧನೊಬ್ಬನ ಕಡೆಗೆ ಹರಿಯುತ್ತದೆ. ಆತ ಮದರಾಸು ಸೈನ್ಯದ ಕ್ಯಾಪ್ಟನ್ ಲಿನ್ನೇಯಸ್ ಟ್ರೈಪ್. 1858ರಲ್ಲಿ ಆತ ಹೊರತಂದ ಚಿತ್ರಸಂಪುಟಗಳ ಪೈಕಿ ಒಂದು, ರಾಯಕೋಟೆಯನ್ನೂ ಅಂದಿನ ಸೇಲಂ ಜಿಲ್ಲೆಯ ಇತರ ಸ್ಥಳಗಳನ್ನೂ ಕುರಿತದ್ದು.

1822ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ ಜನಿಸಿ, ಹದಿಹರೆಯದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿದ ಈತನು, ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದಾಗ ಛಾಯಾಗ್ರಹಣದ ವಿದ್ಯೆಯನ್ನು ವಶಮಾಡಿಕೊಂಡು 1854ರಲ್ಲಿ ಬೆಂಗಳೂರಿಗೆ ಮರಳಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ಶಿಲ್ಪವೈಭವವು ಅವನ ಮಸೂರದ ಮುಂದೆ ನಿಂತಿತು. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಪದಕ ದೊರೆಯಿತು. ಬಳಿಕ ಬರ್ಮಾದ ರಾಜಧಾನಿ ಅಮರಪುರಕ್ಕೆ ಹೊರಟ ರಾಯಭಾರದೊಡನೆ ಪಯಣ. 1857ರಲ್ಲಿ ಮದರಾಸು ಸರ್ಕಾರದ ಛಾಯಾಗ್ರಾಹಕನೆಂಬ ಹುದ್ದೆ.

ಇವೆಲ್ಲಕ್ಕಿಂತ ನನ್ನನ್ನು ಸೆಳೆಯುವುದು ಅವನ ಕೈಕೆಲಸ. ಗಾಜಿನ ಬದಲು ಕಾಗದವೇ ಅವನ ನೆಗೆಟಿವ್. ತೆಳುವಾದ ಕಾಗದಕ್ಕೆ ಮೇಣವೂಡಿಸಿ, ಅಯೋಡೈಡ್ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಕತ್ತಲೆಯಲ್ಲಿ ಬೆಳ್ಳಿಯ ನೈಟ್ರೇಟಿನ ಮೇಲೆ ತೇಲಿಸಿ, ಮತ್ತೆ ಒಣಗಿಸಿ, ಕ್ಯಾಮೆರಾದೊಳಗಿಟ್ಟು, ನಿಮಿಷಗಟ್ಟಲೆ ಬೆಳಕುಣಿಸಿ, ಗ್ಯಾಲಿಕ್ ಆಮ್ಲದಲ್ಲಿ ಬಿಂಬವನ್ನು ಮೂಡಿಸಿ, ಕಡೆಗೆ ಹೈಪೋದಲ್ಲಿ ಸ್ಥಿರಗೊಳಿಸಬೇಕು. ಇದಿಷ್ಟೂ ಮೇಣವೇ ಮೆತ್ತಗಾಗುವ ನಮ್ಮ ಬಿಸಿಲಿನಲ್ಲಿ, ಎತ್ತಿನ ಗಾಡಿಯ ಕುಲುಕಾಟದಲ್ಲಿ! ಕತ್ತಲೆಕೋಣೆಯ ಕೆಂಪು ದೀಪದ ಕೆಳಗೆ, ತಟ್ಟೆಯನ್ನು ಮೆಲ್ಲನೆ ಅಲುಗಾಡಿಸುತ್ತ, ಬಿಳಿಯ ಹಾಳೆಯಲ್ಲಿ ಮೊದಲು ಕಪ್ಪುನೆರಳು, ಆಮೇಲೆ ಬೂದುಬಣ್ಣ, ಕೊನೆಗೆ ಒಂದು ಮುಖವೇ ಮೈದಾಳುವುದನ್ನು ಉಸಿರು ಹಿಡಿದು ನೋಡಿದವರಿಗೆ ಆ ಶ್ರಮದ ಸುಖ ತಿಳಿಯುತ್ತದೆ. ನನಗೆ ಈ ವಯಸ್ಸಿನಲ್ಲಿಯೂ ಅದಕ್ಕೆ ಮಿಗಿಲಾದ ಸಂತೋಷವಿಲ್ಲ.

ಆಕಾಶದ ನೀಲಿಯು ಆ ಕಾಗದಕ್ಕೆ ಬೇಗನೆ ನಾಟುತ್ತಿದ್ದುದರಿಂದ, ಗುಡಿಯ ನೆರಳುಗಳಿಗೆ ಸಾಕಷ್ಟು ಬೆಳಕು ದಕ್ಕುವಷ್ಟರಲ್ಲಿ ಬಾನು ಅಚ್ಚಿನಲ್ಲಿ ಬರಿಯ ಬಿಳುಪಾಗಿಬಿಡುತ್ತಿತ್ತು. ಟ್ರೈಪನು ಕುಂಚ ಹಿಡಿದು ನೆಗೆಟಿವಿನ ಮೇಲೆಯೇ ಬಣ್ಣ ಹಚ್ಚಿ, ಮೋಡಗಳನ್ನೂ ಎಲೆಗಳ ಹೊಳಪನ್ನೂ ಮೂಡಿಸಿದನು. ಇದನ್ನು ಕೃತಕವೆಂದು ಹಳಿಯುವವರುಂಟು. ಯಂತ್ರವು ಕಾಣಲಾರದುದನ್ನು ಕಣ್ಣು ಕಂಡಿರುವಾಗ ಕೈ ಅದನ್ನು ತುಂಬಿಕೊಡುವುದು ನ್ಯಾಯವೆಂದೇ ನಾನು ಬಗೆಯುತ್ತೇನೆ. ಅದೇ ಕೈ, ತಂಜಾವೂರಿನ ಬೃಹದೀಶ್ವರಾಲಯದ ಅಧಿಷ್ಠಾನದ ಶಾಸನಗಳನ್ನು ತುಂಡುತುಂಡಾಗಿ ತೆಗೆದು, 21 ಅಚ್ಚುಗಳನ್ನು ಜೋಡಿಸಿ ಸುಮಾರು 19 ಅಡಿ ಉದ್ದದ ಒಂದೇ ಪಟವನ್ನಾಗಿಸಿತು. ಅಲ್ಲಿ ಕುಂಚಕ್ಕೆ ಕೆಲಸವಿಲ್ಲ, ಅಕ್ಷರವೊಂದೂ ತಪ್ಪದಂತೆ ಸಾಲು ಹಿಡಿಯುವ ಸೈನಿಕನ ಶಿಸ್ತಿಗೇ ಕೆಲಸ.

ಆತ ಈ ನೆಲವನ್ನು ಗೆದ್ದವರ ಸೇವಕನೆಂಬುದನ್ನು ನಾನು ಮರೆತಿಲ್ಲ. ರಾಯಕೋಟೆಯ ದುರ್ಗವು 1791ರಲ್ಲಿ ಟಿಪ್ಪುವಿನ ಕೈತಪ್ಪಿ ಕಂಪನಿಗೆ ಸೇರಿದ್ದು; ಗೆದ್ದುದರ ಲೆಕ್ಕವಿಡುವುದಕ್ಕೂ ಸರ್ಕಾರಕ್ಕೆ ಚಿತ್ರಗಳು ಬೇಕಿದ್ದವು. ಆದರೂ ಹೊಯ್ಸಳ ಭಿತ್ತಿಯ ಮೇಲೆ ಬೆಳಕು ಓರೆಯಾಗಿ ಬೀಳುವ ಗಳಿಗೆಗಾಗಿ ಕಾದು ನಿಂತವನಲ್ಲಿ ಅಧಿಕಾರಕ್ಕಿಂತ ಆರಾಧನೆಯೇ ಹೆಚ್ಚಾಗಿತ್ತೆಂದು ಆ ಚಿತ್ರಗಳು ನನ್ನನ್ನು ನಂಬಿಸುತ್ತವೆ.

1859ರಲ್ಲಿ ಮದರಾಸಿಗೆ ಗವರ್ನರನಾಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲಿಯನ್, ಇದೆಲ್ಲ ದುಬಾರಿಯ ವಿಲಾಸವೆಂದು ತೀರ್ಮಾನಿಸಿ ಆ ಕಾರ್ಯವನ್ನೇ ನಿಲ್ಲಿಸಿದನು. ಟ್ರೈಪನಿಗೆ ಇನ್ನೂ ನಲವತ್ತರ ಪ್ರಾಯ ತುಂಬಿರಲಿಲ್ಲ. ಮುಂದೆ ಸೈನ್ಯದಲ್ಲಿ ಮೇಲೇರಿ, ಮೇಜರ್ ಜನರಲ್ ಎಂಬ ಗೌರವಪದವಿಯೊಡನೆ ನಿವೃತ್ತನಾಗಿ, 1902ರಲ್ಲಿ ಹುಟ್ಟೂರಿನಲ್ಲಿಯೇ ತೀರಿಕೊಂಡ ಅವನು, ಆ ನಾಲ್ಕು ದಶಕಗಳಲ್ಲಿ ಕ್ಯಾಮೆರಾ ಮುಟ್ಟಿದ್ದು ಅತ್ಯಲ್ಪ. ಖರ್ಚು ಉಳಿಸಿದ ಆ ಆಜ್ಞೆಯಿಂದ ನಮ್ಮ ನಾಡಿನ ಎಷ್ಟು ಗುಡಿಗಳ ಅಂದಿನ ರೂಪವು ದಾಖಲೆಯಾಗದೆ ಅಳಿಯಿತೆಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಅವನ ಅಚ್ಚುಗಳು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಭದ್ರವಾಗಿವೆ. ರಾಯಕೋಟೆಯವುಗಳ ಪ್ರತಿಗಳನ್ನು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿಯೂ, ಹಳೇಬೀಡಿನವನ್ನು ಆ ದೇಗುಲದ ಆವರಣದಲ್ಲಿಯೂ ಜನರು ನೋಡುವಂತೆ ತೂಗುಹಾಕಬೇಕೆಂದು ಸಂಬಂಧಪಟ್ಟವರಲ್ಲಿ ನನ್ನ ಪ್ರಾರ್ಥನೆ.