ಸೈಡ್ ಕೊಡುವ ವಿದ್ಯೆ

ಬಣ್ಣಾರಿಯಿಂದ ದಿಂಬಂಗೆ ಹತ್ತುವ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಎಡಕ್ಕೆ ಹೊರಳಬೇಕಾದ ಬಸ್ಸು ಅಲ್ಲಿ ನೇರವಾಗಿ ಎಡಕ್ಕೆ ಹೊರಳುವುದಿಲ್ಲ. ಡ್ರೈವರು ಮೊದಲು ಅದರ ಮೂತಿಯನ್ನು ಬಲಕ್ಕೆ, ಪ್ರಪಾತದ ಅಂಚಿನವರೆಗೆ ಚಾಚುತ್ತಾನೆ. ಆಮೇಲೆ ಸ್ಟಿಯರಿಂಗು ತಿರುಗಿಸಿ ಎಡಕ್ಕೆ ಎಳೆಯುತ್ತಾನೆ. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಎದುರಿನ ಲಾರಿಗೆ ‘ಸೈಡ್ ಕುಡುಂಗ’ ಎಂದು ತಮಿಳಿನಲ್ಲೂ, ಅದು ಚಾಮರಾಜನಗರದ ಲಾರಿಯಾದರೆ ‘ಸೈಡ್ ಕೊಡ್ರೋ’ ಎಂದು ಕನ್ನಡದಲ್ಲೂ ಕೂಗುತ್ತಾನೆ. ಪೂಲ್ ಎಂಬ ಆಟದಲ್ಲಿಯೂ ಸೈಡ್ ಕೊಡುವುದು ಎಂಬ ಮಾತಿದೆ. ಅರ್ಥ ಬೇರೆ, ಆದರೆ ನಡೆಯುವುದು ಹೆಚ್ಚುಕಡಮೆ ಇದೇ. ಆ ವಿಷಯವನ್ನೇ ಈ ಸಲ ಬರೆಯುತ್ತಿದ್ದೇನೆ.

ನನ್ನ ಊರು ತಾಳವಾಡಿ ಬೆಟ್ಟಸೀಮೆಯ ದೊಡ್ಡಗಾಜನೂರು. ಹೆಸರು ಹೇಳಿದೊಡನೆ ಕಾಸರಗೋಡಿನ ಸ್ನೇಹಿತರು ‘ಓಹೋ, ರಾಜಕುಮಾರರ ಊರು!’ ಎನ್ನುತ್ತಾರೆ. ಹೌದು, ಅದೇ. ಮನೆಮಾತು ಕನ್ನಡ, ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ಕಾಸರಗೋಡು ಕೇರಳಕ್ಕೆ ಬಂತು, ನಾವು ಇದ್ದಲ್ಲೇ ಉಳಿದೆವು. ಈ ಪತ್ರಿಕೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ನನ್ನ ಅಕ್ಕನ ಮನೆಯ ಪಕ್ಕ ಒಂದು ಶೆಡ್ಡಿದೆ. ಭಾವ ಇದ್ದಾಗ ಅದರಲ್ಲಿ ಕೋಸು, ಬೆಳ್ಳುಳ್ಳಿ ತುಂಬುತ್ತಿದ್ದರು. ಈಗ ಅದರ ನಡುವೆ ಎಂಟಡಿ ಉದ್ದ, ನಾಲ್ಕಡಿ ಅಗಲದ ಪೂಲ್ ಮೇಜು ನಿಂತಿದೆ. ಅಕ್ಕನ ಮಗ ಮೂರು ವರ್ಷ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದುಡಿದು, ಸಾಕಾಗಿ ಊರಿಗೆ ಬಂದವನು, ಕೊಯಮತ್ತೂರಿನಲ್ಲಿ ಬಾಗಿಲು ಹಾಕಿದ ಒಂದು ಪಾರ್ಲರಿನಿಂದ ಅದನ್ನು ಅರವತ್ತು ಸಾವಿರಕ್ಕೆ ತಂದ. ದುಡ್ಡು ಎಲ್ಲಿಯದು? ಅಕ್ಕನ ಎರಡೆಳೆ ಸರ. ಅದು ಅಡವಿನಲ್ಲಿದೆ. ಮನೆಯಲ್ಲಿ ಮದುವೆಗೆ ಬಂದ ಮಗಳೂ ಇದ್ದಾಳೆ.

ಓಣಂ ರಜೆಗೆ ಮುಂಚೆ ಅಕ್ಕನ ಫೋನು ಬಂತು. “ಬ್ಯಾಂಕ್ನಲ್ಲಿರೋನು ನೀನು ಕನಪ್ಪ, ನೀನೇ ಬಂದು ಬುದ್ಧಿಯ ಹೇಳು. ಆ ಮೇಜ ಮಾರ್ಸ್ಬುಟ್ಟು ನನ್ನ ಸರವ ಬುಡ್ಸಿಕೊಡು. ಊರೋರೆಲ್ಲ ಜೂಜುಕಟ್ಟೆ ಅಂತಾವ್ರೆ.” ಅಕ್ಕ ಸುಮ್ಮನೆ ಗಾಬರಿ ಬೀಳುವವಳಲ್ಲ. ಸೋತವನು ಮೇಜಿನ ಬಾಡಿಗೆ ಕಟ್ಟಬೇಕು ಎಂಬುದು ಎಲ್ಲ ಪಾರ್ಲರುಗಳಲ್ಲೂ ಇರುವ ಪದ್ಧತಿ; ಅಲ್ಲಿಂದ ಪಂದ್ಯ ಕಟ್ಟುವುದಕ್ಕೆ ಒಂದೇ ಹೆಜ್ಜೆ. ಆದರೆ ಈ ವ್ಯಾಜ್ಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ ಎಂಬುದು ಅಕ್ಕನಿಗೂ ಗೊತ್ತಿತ್ತು. ಬ್ಯಾಂಕಿನ ಪರೀಕ್ಷೆ ಪಾಸಾಗುವ ಮುಂಚೆ ನನಗೆ ಎರಡು ವರ್ಷ ಅನ್ನ ಹಾಕಿದ್ದು ಇದೇ ಆಟ.

2000ದಲ್ಲಿ ಬಿ.ಎ. ಮುಗಿಸಿ ಬೆಂಗಳೂರಿಗೆ ಹೋದೆ. ಒಂದು ಬಿಲಿಯರ್ಡ್ಸ್ ಹಾಲಿನಲ್ಲಿ ಮಾರ್ಕರ್ ಕೆಲಸ ಸಿಕ್ಕಿತು. ಮಾರ್ಕರ್ ಎಂದರೆ ಸ್ಕೋರು ಬರೆಯುವವನು, ಚೆಂಡು ಜೋಡಿಸುವವನು, ಬಟ್ಟೆ ಬ್ರಷ್ ಮಾಡುವವನು. ರಾತ್ರಿ ಅಲ್ಲೇ ಮಲಗುತ್ತಿದ್ದೆ. ಸೇರಿ ಹೆಚ್ಚು ದಿನ ಆಗಿರಲಿಲ್ಲ. ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ರಾಜಕುಮಾರರನ್ನು ಅಪಹರಿಸಿದ. ಬೆಂಗಳೂರಿನಲ್ಲಿ ಅಂಗಡಿ, ಶಾಲೆ, ಚಿತ್ರಮಂದಿರ ಎಲ್ಲ ಮುಚ್ಚಿದವು, ಬಸ್ಸುಗಳು ನಿಂತವು. ಮಾಲೀಕರು ಶಟರ್ ಎಳೆದು ‘ಒಳಗೇ ಇರು, ಊರಿನ ಹೆಸರು ಯಾರಿಗೂ ಹೇಳಬೇಡ’ ಎಂದು ಹೋದರು. ನನ್ನ ಊರಿನ ಹೆಸರು ಅಂದು ಎಲ್ಲ ಪತ್ರಿಕೆಗಳ ಮುಖಪುಟದಲ್ಲಿತ್ತು. ಮನೆಯಲ್ಲಿ ಫೋನಿರಲಿಲ್ಲ. ಅಪ್ಪ, ಅಮ್ಮ, ಅಕ್ಕ ಹೇಗಿದ್ದಾರೆಂದು ತಿಳಿಯುವ ದಾರಿಯಿರಲಿಲ್ಲ. ನಿದ್ದೆ ಬಾರದ ಆ ರಾತ್ರಿಗಳಲ್ಲಿ ಒಂದೇ ಬಲ್ಬು ಹಾಕಿಕೊಂಡು, ಚೆಂಡಿನ ಸದ್ದು ಬೀದಿಗೆ ಕೇಳದ ಹಾಗೆ ಮೆಲ್ಲಮೆಲ್ಲಗೆ ಹೊಡೆಯುತ್ತಿದ್ದೆ. ಅವರು ಬಿಡುಗಡೆಯಾಗಿ ಬರುವುದಕ್ಕೆ 108 ದಿನ ಹಿಡಿಯಿತು. ಹಾಲು ಅಷ್ಟು ದಿನ ಮುಚ್ಚಿರಲಿಲ್ಲವೆನ್ನಿ. ಆದರೆ ಆ ರಾತ್ರಿ ಅಭ್ಯಾಸ ಉಳಿದುಕೊಂಡಿತು. ಮೆಲ್ಲಗೆ ಹೊಡೆದ ಚೆಂಡಿಗೆ ಸೈಡ್ ಕೊಟ್ಟರೆ ಅದು ಹೇಗೆ ವರ್ತಿಸುತ್ತದೆಂದು ನಾನು ಕಲಿತದ್ದು ಹೀಗೆ, ಭಯದಿಂದ.

ಈಗ ವಿದ್ಯೆಗೆ ಬರೋಣ. ಸೈಡ್ ಇಲ್ಲದ ಹೊಡೆತದಲ್ಲಿ ಗುರಿ ಕಷ್ಟವಲ್ಲ. ಪಾಕೆಟ್ಟಿನಿಂದ ಬಣ್ಣದ ಚೆಂಡಿನ ನಡುವಿಗೆ ಒಂದು ಗೆರೆ ಎಳೆದು ಹಿಂದಕ್ಕೆ ಮುಂದುವರಿಸಿ. ಆ ಗೆರೆಯ ಮೇಲೆ, ಬಣ್ಣದ ಚೆಂಡಿಗೆ ಅಂಟಿಕೊಂಡು, ಇನ್ನೊಂದು ಚೆಂಡಿದೆ ಎಂದು ಭಾವಿಸಿ. ಆ ಇಲ್ಲದ ಚೆಂಡಿನ ಜಾಗಕ್ಕೆ ಬಿಳಿ ಚೆಂಡನ್ನು ಕಳಿಸಿದರೆ ಆಯಿತು. ಹಾಗಾದರೆ ಸೈಡ್ ಯಾಕೆ? ಬಣ್ಣದ ಚೆಂಡು ಬೀಳುವುದು ಅರ್ಧ ಆಟ ಮಾತ್ರ. ಬಿದ್ದ ಮೇಲೆ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ, ಮುಂದಿನದಕ್ಕೆ ದಾರಿ ಇರುತ್ತದೆಯೇ ಎಂಬುದು ಮಿಕ್ಕರ್ಧ. ಬಿಳಿ ಚೆಂಡಿನ ಎಡಪಕ್ಕಕ್ಕೆ ಹೊಡೆದರೆ ಅದು ಮೇಲಿನಿಂದ ನೋಡುವವರಿಗೆ ಗಡಿಯಾರದ ಮುಳ್ಳಿನಂತೆ ಬುಗುರಿಯಾಗಿ ಸುತ್ತುತ್ತ ಹೋಗಿ, ಕುಶನ್ನಿಗೆ ತಾಗಿದ ಕೂಡಲೇ ಎಡಕ್ಕೆ ಪುಟಿಯುತ್ತದೆ. ಬಲಕ್ಕೆ ಹೊಡೆದರೆ ಬಲಕ್ಕೆ. ಆ ಪುಟಿತಕ್ಕಾಗಿಯೇ ಸೈಡ್.

ಆದರೆ ಸೈಡ್ ಕೊಟ್ಟ ಕ್ಷಣದಿಂದ ಚೆಂಡು ನೀವು ತೋರಿಸಿದ ದಾರಿಯಲ್ಲಿ ಹೋಗುವುದಿಲ್ಲ. ಎಡಕ್ಕೆ ಹೊಡೆದರೆ ಅದು ಮೊದಲು ಬಲಕ್ಕೆ ಸಿಡಿಯುತ್ತದೆ. ಕ್ಯೂವಿನ ತುದಿಗೂ ಚೆಂಡಿಗೂ ಸೋಕು ಇರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ. ಅಷ್ಟರಲ್ಲೇ ಸುತ್ತುವ ಚೆಂಡು ಕ್ಯೂವಿನ ತುದಿಯನ್ನು ಎಡಕ್ಕೆ ತಳ್ಳುತ್ತದೆ, ತಾನು ಬಲಕ್ಕೆ ತಳ್ಳಿಸಿಕೊಳ್ಳುತ್ತದೆ. ತುದಿ ದಪ್ಪವಾಗಿ ಭಾರವಾಗಿದ್ದಷ್ಟೂ ಸಿಡಿತ ಹೆಚ್ಚು. ಎರಡು ಡಿಗ್ರಿ ಸಿಡಿದರೆ ಒಂದು ಮೀಟರ್ ದೂರದಲ್ಲಿ ಮೂರೂವರೆ ಸೆಂಟಿಮೀಟರ್ ತಪ್ಪುತ್ತದೆ. ಪೂಲ್ ಚೆಂಡಿನ ಅಡ್ಡಳತೆಯೇ 57 ಮಿಲಿಮೀಟರ್ ಎಂದಮೇಲೆ ಇದು ಅರ್ಧ ಚೆಂಡಿಗಿಂತ ಹೆಚ್ಚಾಯಿತು. ಅನಂತರ, ಕ್ಯೂವಿನ ಹಿಂಬದಿ ಯಾವಾಗಲೂ ಕೊಂಚ ಎತ್ತರದಲ್ಲಿರುವುದರಿಂದ, ಹಾಗೆ ಸಿಡಿದ ಚೆಂಡು ಬಟ್ಟೆಯ ಮೇಲೆ ನಿಧಾನವಾಗಿ ಎಡಕ್ಕೆ ಬಾಗುತ್ತದೆ. ಬಲಕ್ಕೆ ಚಾಚಿ ಎಡಕ್ಕೆ: ದಿಂಬಂ ಬಸ್ಸಿನ ಹಾಗೆಯೇ. ಜೋರಾಗಿ ಹೊಡೆದರೆ ಬಾಗುವಷ್ಟರಲ್ಲಿ ಮೇಜೇ ಮುಗಿದಿರುತ್ತದೆ. ಮೆಲ್ಲಗೆ ಹೊಡೆದರೆ ಬೇಗ ಬಾಗುತ್ತದೆ, ಕೆಲವೊಮ್ಮೆ ಹಳೆಯ ಗೆರೆಯನ್ನೂ ದಾಟಿ ಆಚೆಗೆ ಹೋಗುತ್ತದೆ. ಮುಚ್ಚಿದ ಶಟರಿನೊಳಗೆ ನನ್ನ ಕಣ್ಣಿಗೆ ಬಿದ್ದದ್ದು ಇದೇ.

ಇಷ್ಟಕ್ಕೇ ಮುಗಿಯಲಿಲ್ಲ. ಸುತ್ತುವ ಬಿಳಿ ಚೆಂಡು ಬಣ್ಣದ ಚೆಂಡಿಗೆ ತಾಗಿದಾಗ ಹಲ್ಲಿನ ಚಕ್ರ ಇನ್ನೊಂದು ಚಕ್ರವನ್ನು ಉಜ್ಜಿದಂತೆ ಉಜ್ಜುತ್ತದೆ. ಎಡಸೈಡ್ ಇದ್ದರೆ ಬಣ್ಣದ ಚೆಂಡು ಸ್ವಲ್ಪ ಬಲಕ್ಕೆ ಎಸೆಯಲ್ಪಡುತ್ತದೆ. ನಿಧಾನದ ಹೊಡೆತದಲ್ಲಿ ಇದು ಹೆಚ್ಚು. ಕೊಳೆಯಾದ ಚೆಂಡಿನಲ್ಲಿ ಇನ್ನೂ ಹೆಚ್ಚು. ಒಂದು ಸಮಾಧಾನವೆಂದರೆ ಸಿಡಿತವೂ ಈ ಎಸೆತವೂ ಬಣ್ಣದ ಚೆಂಡನ್ನು ಎದುರುಬದುರು ದಿಕ್ಕಿಗೆ ಎಳೆಯುತ್ತವೆ; ಒಂದನ್ನೊಂದು ಒಂದಿಷ್ಟು ವಜಾ ಹಾಕಿಕೊಳ್ಳುತ್ತವೆ. ಪೂರ್ತಿ ತಾಳೆಯಾಗುವುದು ಅಪರೂಪ. ನಮ್ಮ ಲೆಡ್ಜರಿನಂತೆ ಇಲ್ಲೂ ಎರಡು ರೂಪಾಯಿ ಎಲ್ಲೋ ಉಳಿದೇ ಇರುತ್ತದೆ.

ಇಲ್ಲಿ ಶಾಖೆಯಲ್ಲಿರುವ ಮಲಯಾಳಿ ಗೆಳೆಯನಿಗೆ ಇದನ್ನು ವಿವರಿಸಿದಾಗ ಅವನು ನಕ್ಕು, ಕೇರಂನಲ್ಲಿ ಈ ಕಾಟ ಇಲ್ಲವಲ್ಲ ಎಂದ. ನಿಜ. ಸ್ಟ್ರೈಕರ್ ಚಪ್ಪಟೆ ಬಿಲ್ಲೆ, ಬೆರಳಿನಿಂದ ಜಾರಿ ಹೋಗುತ್ತದೆ. ಉರುಳುವುದೂ ಇಲ್ಲ, ಬಾಗುವುದೂ ಇಲ್ಲ. ಉರುಟಾದದ್ದರ ಸಹವಾಸವೇ ಬೇರೆ.

ಮತ್ತೆ ಗುರಿ ಹಿಡಿಯುವುದು ಹೇಗೆ? ಹಳೆಯ ಕ್ರಮವೆಂದರೆ ನಡುವಿಗೆ ಗುರಿಯಿಟ್ಟು, ಕ್ಯೂವನ್ನು ಸಮಾನಾಂತರವಾಗಿ ಪಕ್ಕಕ್ಕೆ ಸರಿಸಿ, ಸಿಡಿತ ಎಷ್ಟಿರಬಹುದೆಂದು ಅಂದಾಜು ಮಾಡಿ ಗುರಿ ತಿದ್ದಿಕೊಳ್ಳುವುದು. ದಿನಾ ಆರು ಗಂಟೆ ಆಡುವವರಿಗೆ ಅದು ಸರಿ. ನನಗೆ ಒಗ್ಗಿದ್ದು ಹಿಂಗೈ ಕ್ರಮ. ಸೈಡ್ ಇಲ್ಲವೇ ಇಲ್ಲ ಎಂಬಂತೆ ನಡುವಿಗೆ ಗುರಿಯಿಟ್ಟು ಬಗ್ಗಬೇಕು. ಮೇಜಿನ ಮೇಲಿನ ಕೈ ಅಲುಗಬಾರದು. ಹಿಂದಿನ ಕೈಯನ್ನು ಬಲಕ್ಕೆ ಸರಿಸಿದರೆ ತುದಿ ಎಡಕ್ಕೆ ಹೋಗುತ್ತದೆ, ಕ್ಯೂ ಗುರಿಯ ಎಡಕ್ಕೆ ನೋಡುತ್ತದೆ. ಹೊಡೆದಾಗ ಚೆಂಡು ಬಲಕ್ಕೆ ಸಿಡಿದು, ಎರಡೂ ಸರಿಹೋಗಿ, ನೆಟ್ಟಗೆ ಹೋಗುತ್ತದೆ. ಇದರ ಗುಟ್ಟೆಲ್ಲ ಮುಂದಿನ ಕೈಗೂ ಚೆಂಡಿಗೂ ಇರುವ ದೂರದಲ್ಲಿದೆ. ಪ್ರತಿಯೊಂದು ಕ್ಯೂವಿಗೂ ಅದರದೇ ದೂರ. ಕಂಡುಹಿಡಿಯುವುದು ಸುಲಭ: ಮೇಜಿನ ಆಚೆ ತುದಿಯಲ್ಲಿ ಒಂದು ಚೆಂಡಿಟ್ಟು, ಎಡಸೈಡ್ ಕೊಟ್ಟು ಜೋರಾಗಿ ಹೊಡೆಯಿರಿ. ನೆಟ್ಟಗೆ ತಾಗಿದರೆ ಅದೇ ಅಳತೆ. ಬಲಕ್ಕೆ ತಪ್ಪಿದರೆ ಕೈಯನ್ನು ಚೆಂಡಿನ ಹತ್ತಿರ ತನ್ನಿ. ಎಡಕ್ಕೆ ತಪ್ಪಿದರೆ ದೂರ ಒಯ್ಯಿರಿ. ಮೆಲ್ಲಗಿನ ಹೊಡೆತಕ್ಕೆ ಈ ಕ್ರಮ ಕೈಕೊಡುತ್ತದೆ, ಏಕೆಂದರೆ ಚೆಂಡು ಬಾಗಿ ಸಿಡಿತವನ್ನು ತಾನೇ ತೀರಿಸಿಬಿಡುತ್ತದೆ. ಅಲ್ಲಿ ಹಿಂದಿನ ಕೈಯನ್ನು ಹಿಡಿದಲ್ಲೇ ಹಿಡಿದು ಮುಂದಿನ ಕೈಯನ್ನು ಎಡಕ್ಕೆ ಸರಿಸಬೇಕು. ಆಗ ಕ್ಯೂ ವಾಲುವುದು ಕಡಿಮೆ, ತಿದ್ದುಪಡಿಯೂ ಕಡಿಮೆ.

ಈ ಆಟ ಜೂಜುಕೋರರದು ಎಂಬ ಮಾತಿಗೆ ನನ್ನ ಬಳಿ ಇನ್ನೊಂದು ಉತ್ತರವಿದೆ. ಸೈಡ್ ಕೊಡಲು ಸಾಧ್ಯವಾದದ್ದೇ ಕ್ಯೂವಿನ ತುದಿಗೆ ತೊಗಲು ಬಂದಮೇಲೆ. ಅದನ್ನು ಬಳಕೆಗೆ ತಂದವನು ಮಿಂಗೋ ಎಂಬ ಫ್ರೆಂಚ್ ಸೇನಾಧಿಕಾರಿ. ಸೆರೆಮನೆಯಲ್ಲಿದ್ದಾಗ ಆಡಿ ಆಡಿ ಪಳಗಿದವನು. ಇಂಗ್ಲೆಂಡಿನಲ್ಲಿ 1820ರ ದಶಕದಲ್ಲಿ ಸೈಡ್ ತೋರಿಸಿ ಹೆಸರು ಮಾಡಿದ ಜ್ಯಾಕ್ ಕಾರ್ ಬಾತ್ ಎಂಬ ಊರಿನ ಮಾರ್ಕರ್, ನನ್ನ ಜಾತಿಯವನೇ. 1835ರಲ್ಲಿ ಇದರ ಗಣಿತವನ್ನು ಪುಸ್ತಕವಾಗಿ ಬರೆದ ಕೋರಿಯೋಲಿಸ್‌ನ ಹೆಸರನ್ನು ಗಾಳಿ, ಸಾಗರಪ್ರವಾಹಗಳ ಪಾಠದಲ್ಲಿ ನಮ್ಮ ಮಕ್ಕಳು ಓದುತ್ತಾರೆ. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದಲ್ಲಿ. ಅದರ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು 1880ರ ದಶಕದಲ್ಲಿ, ನಮಗೆ ದೂರವೇನಲ್ಲದ ಊಟಿಯ ಕ್ಲಬ್ಬಿನಲ್ಲಿ. ಇನ್ನು ಬೆಂಗಳೂರು! ಅರವಿಂದ ಸವೂರರ ಬಳಿ ಕಲಿತ ಪಂಕಜ್ ಆಡ್ವಾಣಿ 2003ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪಟ್ಟ ಗೆದ್ದಾಗ ಹದಿನೆಂಟರ ಹುಡುಗ. 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪಟ್ಟ ಗೆದ್ದ ಆರ್. ಉಮಾದೇವಿ ಸರಕಾರಿ ನೌಕರಿ ಮಾಡಿಕೊಂಡೇ ಆಡಿದವರು. ಗುಮಾಸ್ತ ಕುಲಕ್ಕೆ ಇದು ಸಣ್ಣ ಮಾತಲ್ಲ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿ, “ಊಟಿ ದೊರೆಗೋಳ ವಿಚಾರ ಇರ್ಲಿ, ಒಂದು ಆಟಕ್ಕೆ ಎಷ್ಟು ಇಸ್ಕೊಂಡಾನು ಇವ?” ಎಂದು ಕೇಳಿದಳು. ಇಪ್ಪತ್ತು ರೂಪಾಯಿ. ಅರವತ್ತು ಸಾವಿರಕ್ಕೆ ಒಂಬತ್ತರ ಬಡ್ಡಿಯೆಂದರೆ ತಿಂಗಳಿಗೆ 450. ತಿಂಗಳ ಮೊದಲ ಇಪ್ಪತ್ತಮೂರು ಆಟ ಬಡ್ಡಿಗೇ ಹೋಯಿತು, ಅಸಲು ಅದರ ಮೇಲೆ. ಈ ಲೆಕ್ಕವನ್ನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದೆ. ಕೆಳಗೆ ಮೂರು ಕಟ್ಟಳೆ, ಕನ್ನಡದಲ್ಲೂ ತಮಿಳಿನಲ್ಲೂ: ಮೇಜಿನ ಮೇಲೆ ದುಡ್ಡು ಇಡಬಾರದು. ಶಾಲೆಯ ಹೊತ್ತಿನಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ. ರಾತ್ರಿ ಎಂಟೂವರೆಗೆ ದೀಪ ಬಂದ್. ವರ್ಷ ತುಂಬುವುದರೊಳಗೆ ಸರ ಮನೆಗೆ ಬಾರದಿದ್ದರೆ ಮೇಜು ಮಾರುವುದೆಂದು ಮೂವರೂ ಒಪ್ಪಿದೆವು. ಸೋದರಮಾವನ ತೀರ್ಮಾನ ಅಷ್ಟೊಂದು ಗಟ್ಟಿಯಲ್ಲವೆಂದು ಅಕ್ಕನ ಮುಖವೇ ಹೇಳುತ್ತಿತ್ತು.

ಉಳಿದ ಎರಡು ದಿನ ಹುಡುಗರಿಗೆ ಪಾಠ. ಕೆಂಪು ಧೂಳು ಹತ್ತಿದ ಚೆಂಡುಗಳನ್ನು ಮೊದಲು ಒರೆಸಿಸಿದೆ. ಬಿಳಿ ಚೆಂಡಿನ ಬದಲು ಪಟ್ಟೆಯ ಚೆಂಡನ್ನೇ ಇಟ್ಟು, ಪಟ್ಟೆಯನ್ನು ನೆಟ್ಟಗೆ ನಿಲ್ಲಿಸಿ ಹೊಡೆಸಿದೆ. ಸೈಡ್ ಎಷ್ಟು ಬಿತ್ತೆಂದು ಪಟ್ಟೆಯೇ ತಿರುಗಿ ತೋರಿಸುತ್ತದೆ. ಸಿಡಿತದ ಮಾತು ತಲೆಗೆ ಹತ್ತದ ಹುಡುಗನಿಗೆ ದಿಂಬಂನ ಹೆಸರು ಹೇಳಿದರೆ ಸಾಕಾಯಿತು, ಕೋಸಿನ ಲಾರಿಯಲ್ಲಿ ಕ್ಲೀನರಾಗಿರುವವನು, “ಓ, ಮೊದ್ಲು ಆಪೋಸಿಟ್ ಸೈಡ್ ಪುಡ್ಚಿ ಆಮ್ಯಾಕೆ ಕಟ್ ಮಾಡೋದು!” ಎಂದು ಎರಡು ಭಾಷೆ ಬೆರೆಸಿ ಉಳಿದವರಿಗೆ ತಾನೇ ಪಾಠ ಮಾಡಿದ. ಬೇಕಿಲ್ಲದ ಕಡೆ ಸೈಡ್ ಕೊಡಬೇಡಿ ಎಂದು ಎಷ್ಟು ಹೇಳಿದರೂ ಅವರು ಕೇಳುವ ವಯಸ್ಸಲ್ಲ. ನೇರ ಹೊಡೆದರೆ ಬೀಳುವ ಚೆಂಡಿಗೂ ಸೈಡ್.

ಕಾಸರಗೋಡಿಗೆ ಬಂದು ಮೂರು ವಾರಕ್ಕೆ ಅಳಿಯನ ಫೋನು. “ಮಾವ, ಸಿಕ್ತು. ನನ್ ಕ್ಯೂದು ಒಂದು ಗೇಣು ಮೂರು ಬೆರಳು.” ಜೋರಿನ ಹೊಡೆತಕ್ಕೆ ಹತ್ತಕ್ಕೆ ಏಳು ಬೀಳುತ್ತಿವೆಯಂತೆ, ಮೆಲ್ಲಗಿನದು ಇನ್ನೂ ಕೈಗೆ ಬಂದಿಲ್ಲವಂತೆ. ಅಷ್ಟರಲ್ಲಿ ಅಕ್ಕ ಫೋನು ಕಿತ್ತುಕೊಂಡಳು. “ಈ ತಿಂಗಳ ಬಡ್ಡಿಯ ಕಟ್ಟವ್ನೆ ಕನಪ್ಪ. ಅಸಲು ಯಾವಾಗ ಕಟ್ಟಾನು ಅಂತ ನೀನೇ ಒಸಿ ಕೇಳು.”